ಅಕ್ಕ ಎಂಬ ಪ್ರತ್ಯಯ

ಹೊಳೆಹೊನ್ನೂರಿನ ಆಲೆಮನೆಯ ಅಚ್ಚುಬೆಲ್ಲ,
ಗಾಂಧಿಬಜಾರಿನ ಸಣ್ಣ ರವೆ, ಚಿಟಿಕೆ ಯೀಸ್ಟು,
ಕಡಲಪಾಚಿಯ ಪುಡಿ, ಕೊನೆಗೆ ಮೂಗು ಸುಡುವ ಆಮ್ಲ:
ಗುತ್ಯಮ್ಮ ಕಾಸುತ್ತಾಳೆ ನೊಣಗಳಿಗೆ ಪಾಯಸ.
ವಾರಕ್ಕೆರಡು ಸಲ. ಇಪ್ಪತ್ತೊಂದು ವರ್ಷ.
ಶಿವಮೊಗ್ಗದ ಈ ಕಾಲೇಜಿನ ಹಿಂದಿನ ಕೋಣೆಯಲ್ಲಿ
ಅವಳ ಸೌಟು ನಂಬಿ ಹುಟ್ಟಿದ ತಲೆಮಾರು
ಲೆಕ್ಕ ಹಾಕಿದರೆ ಐನೂರು ದಾಟೀತು.

"ಎಂಥ ಹುಡುಕ್ತೀಯೇ ಅದರ ರೆಕ್ಕೇಲಿ?"
ಕೇಳಿದಳು ಒಂದು ದಿನ, ತಳ ಕೆರೆಯುತ್ತ.
ಸೂಕ್ಷ್ಮದರ್ಶಕದ ಸ್ಟೂಲು ಬಿಟ್ಟುಕೊಟ್ಟೆ.
ನೋಡಿದಳು:
ಇಲಿ ಕಡಿದ ಸೆರಗಿನ ಹಾಗೆ ಅಂಚು ಹರಿದ ರೆಕ್ಕೆ.
"ಯಾರು ಕಚ್ಚಿದ್ದು?"
ಯಾರೂ ಕಚ್ಚಿಲ್ಲ. ಮಾತು ಕೇಳಿಸಿಲ್ಲ, ಅಷ್ಟೆ.

ಹೇಳಿದೆ, ತಿಳಿದಷ್ಟು, ತಡವರಿಸಿ.
ರೆಕ್ಕೆಯಾಗುವ ಮೊದಲು ಅದೊಂದು ಮಡಿಸಿದ ಬಿಲ್ಲೆ,
ಮರಿಹುಳದ ಮೈಯೊಳಗೆ.
ಮೇಲ್ಮೈಯದೊಂದು ಓಣಿ, ಕೆಳಮೈಯದೊಂದು, ನಡುವೆ ಗೆರೆ.
ಪ್ರತಿ ಜೀವಕೋಶದ ಬಾಗಿಲಿಗೂ ಒಂದು ಕಿವಿ, ನಾಚ್ ಅಂತ.
ಪಕ್ಕದ ಮನೆಯವರಿಬ್ಬರು, ಡೆಲ್ಟಾ, ಸೆರೇಟ್,
ಗೋಡೆಗೆ ಗೋಡೆ ತಾಗಿಯೇ ಕರೆಯುವವರು.
ಮೇಲೋಣಿಯಲ್ಲಿ ಮಾತ್ರ ಒಬ್ಬ ಅಕ್ಕಸಾಲಿಗ, ಫ್ರಿಂಜ್;
ಕಿವಿ ಹೊರಜಗುಲಿಗೆ ಬರುವ ಮೊದಲೇ, ಒಳಮನೆಯಲ್ಲಿ,
ಅದರ ಓಲೆಯ ಸಕ್ಕರೆಗೆ ಇನ್ನೊಂದು ಸಕ್ಕರೆ ಬೆಸೆಯುತ್ತಾನೆ.
ಒಂದೇ ಒಂದು ಹರಳು.
ಆಮೇಲೆ ಆ ಕಿವಿಗೆ
ಡೆಲ್ಟಾ ಪಿಸುಗುಟ್ಟಿದರೂ ಗುಡುಗು,
ಸೆರೇಟ್ ಗಂಟಲು ಹರಿದುಕೊಂಡರೂ ಗಾಳಿ.
ಗೆರೆಯ ಮೇಲಷ್ಟೇ ಆಚೆಯ ಕರೆಗೆ ಈಚೆ, ಈಚೆಯದಕ್ಕೆ ಆಚೆ
ಓಗೊಡುತ್ತವೆ. ಅಲ್ಲಿ ಅಂಚು ಕಟ್ಟುತ್ತದೆ,
ಕೂದಲ ಸಾಲು ನಿಲ್ಲುತ್ತದೆ.

ಸೌಟು ಎತ್ತಿ ನಕ್ಕಳು.
"ಹಂಗಾರೆ ನಂದೂ ಅದೇ ಕಿವಿ.
ನಿಮ್ಮ ಸಾಹೇಬ್ರು 'ಏ ಮೀಡಿಯಾ' ಅಂತ ಕೂಗ್ತಾರಲ್ಲ,
ನಂಗೆ ಕೇಳೋದೇ ಇಲ್ಲ ಮಾರಾಯ್ತಿ.
ನೀ ಗುತ್ಯಕ್ಕ ಅಂದ್ರೆ ಸ್ಟೋರ್‌ರೂಮಲ್ಲಿದ್ರೂ ಕೇಳ್ತದೆ."

ಅಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಹೊಡೆದುಹಾಕಿದ ಸಾಲು:
ಹೆಸರಿಗೆ ಅಂಟುವ ಅಕ್ಕ ಎಂಬ ಪ್ರತ್ಯಯ
ಬಹುಶಃ ಆರು ಇಂಗಾಲದ್ದು.

ಏಪ್ರಿಲ್ ಹನ್ನೆರಡು. ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು.
ಜನರೇಟರಿಗೆ ಡೀಸೆಲ್ಲಿಲ್ಲ; ಅರ್ಜಿ ಯಾರದೋ ಮೇಜಿನಲ್ಲಿ.
ಹದಿನೆಂಟು ಡಿಗ್ರಿಯ ಪೆಟ್ಟಿಗೆಯೊಳಗೆ ನನ್ನ ಇನ್ನೊಂದು ತಳಿ,
ಕೋಶ ಕಟ್ಟಿ ಮಲಗಿದ್ದು,
ಅದೇ ಕಿವಿಗೆ ಬೇರೊಂದು ಸಕ್ಕರೆ, ಗ್ಲೂಕೋಸು, ಅಂಟಿಸಲಾರದ್ದು.
ತಂಪಿನಲ್ಲಿ ಹೇಗೋ ಬಾಳುತ್ತದೆ.
ಸೆಕೆ ಏರಿತೋ, ಬಾಗಿಲು ತಟ್ಟಿದ್ದು ಗೊತ್ತಾಗುತ್ತದೆ,
ಅಗುಳಿ ಜಾರುವುದಿಲ್ಲ.
ನಾನು ಸಾಗರದಲ್ಲಿ, ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ.
ಸಾಹೇಬರು ಮೂರು ಸಲ ಫೋನು ಮಾಡಿದರಂತೆ ಗುತ್ಯಮ್ಮನಿಗೆ.
ನಾನು ಒಂದು ಸಲ.

ಮೊದಲ ಬಸ್ಸಿಗೆ ಬಂದೆ. ಪೆಟ್ಟಿಗೆ ಮೂವತ್ತೊಂದು ತೋರಿಸುತ್ತಿತ್ತು.
ಮೂಲೆಯಲ್ಲಿ ಗುತ್ಯಕ್ಕ, ಕುಡಿಯುವ ನೀರಿನ ಮಡಕೆಯ ಪಕ್ಕ.
ನೀರು ಚೆಲ್ಲಿ ಬರಿದು ಮಾಡಿದ ಮಡಕೆ, ಸುತ್ತ ಒದ್ದೆ ಗೋಣಿ,
ಒಳಗೆ ಏಳು ಸೀಸೆ.
"ಏಳೇ ಹಿಡಿದದ್ದು. ರಾತ್ರಿಯಿಡೀ ಗೋಣಿ ನೆನೆಸ್ದೆ."
ಉಳಿದವು ನಲವತ್ತಮೂರು.

ವಾರದ ಮೇಲೆ ಎಲ್ಲ ಹೊರಬಂದವು.
ನಲವತ್ತಮೂರು ಸೀಸೆಯಲ್ಲೂ ಬೋಳು ಬೆನ್ನು,
ಈಗಷ್ಟೇ ಸಾರಿಸಿದ ಅಂಗಳದ ಹಾಗೆ.
ಏಳರಲ್ಲಿ ಕೂದಲಿತ್ತು. ಪೂರ್ತಿ ಅಲ್ಲ; ಅಲ್ಲೊಂದು ಇಲ್ಲೊಂದು ಕಾಣೆ.
ಎಣಿಸಿದೆ. ಮತ್ತೆ ಎಣಿಸಿದೆ.
ಕೆಟ್ಟದ್ದೆಂದು ಎಸೆಯಲಿದ್ದ ಪ್ರಯೋಗ
ತನ್ನ ಜೋಡಿಯನ್ನು ತಾನೇ ತಂದುಕೊಂಡಿತ್ತು.

ಪ್ರಬಂಧದಲ್ಲಿ ಮಡಕೆ ಎಂದು ಬರೆದದ್ದನ್ನು ಸಾಹೇಬರು
ಪರ್ಯಾಯ ಶೀತಲ ವ್ಯವಸ್ಥೆ ಎಂದು ತಿದ್ದಿದರು.
ಕೃತಜ್ಞತೆಯ ಪುಟದಲ್ಲಿ: ಶ್ರೀಮತಿ ಗುತ್ಯಮ್ಮ, ಸಹಾಯಕಿ.
ಅಕ್ಕ ಅಲ್ಲಿ ಅಂಟಲಿಲ್ಲ.

ನಿನ್ನೆ ಪಾಯಸಕ್ಕೆ ಆಮ್ಲ ಸುರಿಯುವ ಮೊದಲು
ಒಂದು ಚೂರು ಬೆಲ್ಲ ನನ್ನ ಅಂಗೈಗೆ ಇಟ್ಟಳು.
ಎಲ್ಲಿಂದಲೋ ತಪ್ಪಿಸಿಕೊಂಡ ನೊಣವೊಂದು ಬಂದು
ಅದರ ಮೇಲೆ ಕೂತಿತು.
ಊದಲು ಹೋದವಳು ನಿಂತೆ.
ಅಂಚು ಸರಿಯಿತ್ತು.